ಗಂಗುಲಮ್ಮನ ಕೋಣೆಗೆ ಕಾರು ಬಂತು

ಗಂಗುಲಮ್ಮನ ಬಾಯಿಗೆ ಇಡೀ ಪುರಸಭೆ ಹೆದರುತ್ತಿತ್ತು. ಜಂಗಮಕೋಟೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಬಂದ ವರ್ಷವೇ ಪೊರಕೆ ಹಿಡಿದು ಬೀದಿಗಿಳಿದಳು. ಆಗ ಗುಡಿಸುವ ಹೆಂಗಸರಿಗೆ ಬಟ್ಟೆ ಬದಲಿಸಲು ಒಂದು ಮರೆಯೂ ಇರಲಿಲ್ಲ. ಸಾಹೇಬರ ಜೀಪಿನ ಹಿಂದೆ ಒಬ್ಬಳು ಸೀರೆ ಅಡ್ಡ ಹಿಡಿಯಬೇಕು, ಇನ್ನೊಬ್ಬಳು ಚರಂಡಿ ನಾತದ ಸೀರೆ ಬಿಚ್ಚಬೇಕು. ಒಂದು ದಿನ ಡ್ರೈವರು ನೋಡದೆ ಜೀಪು ತೆಗೆದುಬಿಟ್ಟ. ಬೀದಿಯ ಗಂಡಸರೆಲ್ಲ ನಕ್ಕರು. ಗಂಗುಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಪೊರಕೆ ಎಸೆದು, ಗುಡಿಸುವ ಹೆಂಗಸರನ್ನೆಲ್ಲ ಕೂರಿಸಿಕೊಂಡು ಮುಷ್ಕರ ಕೂತವಳು ಊರು ಗಬ್ಬೆದ್ದು ನಾರುವವರೆಗೂ ಏಳಲಿಲ್ಲ. ಹಾಗೆ ದಕ್ಕಿದ್ದು ಪುರಸಭೆ ಕಚೇರಿ ಪಕ್ಕದ ಒಂದು ಕೋಣೆ. ಒಂದು ನಲ್ಲಿ, ಒಳಗಿನಿಂದ ಚಿಲಕ, ಕೂತು ಉಣ್ಣಲು ಒಂದಿಷ್ಟು ನೆಲ.

ಈ ವರ್ಷ ಜೀಪು ಗುಜರಿಗೆ ಹೋಯಿತು. ಪೀಡೆ ತೊಲಗಿತು ಅಂತ ಎಲ್ಲರಿಗಿಂತ ಮೊದಲು ಹಿಗ್ಗಿದವಳು ಗಂಗುಲಮ್ಮನೇ. ಬದಲಿಗೆ ಬಂದದ್ದು ಪ್ಲಗ್-ಇನ್ ಹೈಬ್ರಿಡ್ ಕಾರು. ವೈರು ಚುಚ್ಚಿ ಚಾರ್ಜ್ ಮಾಡಿದರೆ ಕರೆಂಟಿಗೆ ಓಡುತ್ತದೆ, ಇಲ್ಲದಿದ್ದರೆ ಪೆಟ್ರೋಲಿಗೆ. ಅದರ ಪೂಜೆಗೆ ರಂಗೋಲಿ ಹಾಕಿದ್ದೂ ಇವಳೇ. ವಾರವೂ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಬೀದಿ ಗುಡಿಸಿ ಬಂದರೆ, ಅಯ್ಯೋ ಶಿವನೇ, ಕೋಣೆಯ ಮುಂದಿನ ಗೋಡೆಯೇ ಇಲ್ಲ! ಸೀರೆ ಗಂಟು, ಊಟದ ಡಬ್ಬಿ ಎಲ್ಲ ಅಂಗಳದ ಧೂಳಿನಲ್ಲಿ ಬಿದ್ದಿವೆ. ಒಳಗೆ ಕಾರು ನಿಂತಿದೆ, ಬಾಲಕ್ಕೆ ವೈರು ಚುಚ್ಚಿಸಿಕೊಂಡು.

ಅವಳು ದಡದಡನೆ ಮುಖ್ಯಾಧಿಕಾರಿ ರಮೇಶ್‌ಬಾಬು ಅವರ ಕೋಣೆಗೆ ನುಗ್ಗಿದಳು.

"ಮೀಟರ್ ಬೋರ್ಡು ಅಲ್ಲೇ ಇರೋದು ಕಣಮ್ಮ, ಏನ್ ಮಾಡಣ?" ಅವರು ಫೋನಿನಿಂದ ತಲೆ ಎತ್ತಲಿಲ್ಲ.

"ಪೆಟ್ರೋಲಲ್ಲೂ ಓಡ್ತೈತಂತಲ್ಲ ಸಾರ್! ಚಾರ್ಜ್ ಇಲ್ದಿದ್ರೆ ಸತ್ತೋಗ್ತೈತಾ? ನಾವ್ ಬಟ್ಟೆ ಬಿಚ್ಚಕ್ಕೆ ಎಲ್ಲಿಗೋಗಣ, ನಡುಬೀದಿಗಾ?"

"ಮನೆಗೋಗಿ ಬದಲಾಯಿಸ್ಕೊಳ್ಳಿ."

"ಈ ನಾತದಲ್ಲಿ ಬಸ್ ಹತ್ತಿದ್ರೆ ಯಾರ್ ಪಕ್ಕ ಕೂರಿಸ್ಕೊಳ್ತಾರೆ? ನಿಮ್ ಕಾರಲ್ಲಿ ನೀವ್ ಕೂರಿಸ್ಕೊಳ್ತೀರಾ?"

"ಮೀಟಿಂಗ್ ಇದೆ" ಎಂದು ಅವರು ಎದ್ದು ಹೋದರು.

ಗಂಗುಲಮ್ಮ ಕದಲಲಿಲ್ಲ. ಕಿಟಕಿಯಿಂದ ಕೂಗಿ ಹೆಂಗಸರನ್ನೆಲ್ಲ ಸೀರೆ ಗಂಟುಗಳ ಸಮೇತ ಒಳಗೆ ಕರೆದು, ಬಾಗಿಲಿಗೆ ಚಿಲಕ ಜಡಿದು, ಪರದೆ ಎಳೆದಳು.

ಜೊತೆಗಾರ್ತಿ ಚಿಕ್ಕವೆಂಕಟಮ್ಮ ಸೆರಗು ಬಿಗಿಯಾಗಿ ಹಿಡಿದುಕೊಂಡಳು. "ಅಕ್ಕಾ, ಕೆಲ್ಸ ಹೋಗ್ತೈತೆ."

"ಮಾನ ಹೋದ್ಮೇಲೆ ಕೆಲ್ಸ ಯಾವೋನಿಗೆ ಬೇಕೇ? ಬಿಚ್ಚು."

ಕೊಚ್ಚೆ ಹತ್ತಿದ ಸೀರೆಗಳು ಒಂದೊಂದಾಗಿ ಸಾಹೇಬರ ಕುರ್ಚಿಯ ಬಿಳಿ ಟವೆಲಿನ ಮೇಲೆ ಬಿದ್ದವು. ಅಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದಾಯಿತು.

"ಏಯ್, ತೆಗೀರಿ ಬಾಗಿಲು! ಇದು ನನ್ ಚೇಂಬರ್ರು!"

"ಹೆಂಗಸರು ಬಟ್ಟೆ ಬದಲಾಯಿಸ್ತಿದೀವಿ ಸಾರ್, ಮರ್ಯಾದೆಯಾಗಿ ದೂರ ನಿಂತ್ಕಳಿ," ಎಂದಳು ಗಂಗುಲಮ್ಮ. "ಇವತ್ತೊಂದಿನ ಅಲ್ಲ. ಆ ಗೋಡೆ ಎದ್ದೇಳೋ ತನಕ ದಿನಾ ಇಲ್ಲಿಗೇ ಬರ್ತೀವಿ."