ಹೆಬ್ಬೆರಳಿಗೆ ಹಾಕಿದ ಕಾಫಿ ಪುಡಿ

ಇವತ್ತು ಬೆಳಿಗ್ಗೆ ಸೊಸೆ ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡಳು. "ಅತ್ತೆ, ಕಾಫಿ ಪುಡಿ ತನ್ನಿ!" ಎಂದು ಕೂಗಿದಳು. ಡಬ್ಬಿಯ ಮುಚ್ಚಳ ತೆಗೆದೆ. ಘಮ್ಮೆಂದಿತು. ಅದರ ಜೊತೆಗೆ ನನ್ನ ಕಾಲಿನ ಹೆಬ್ಬೆರಳೂ ನೆನಪಾಯಿತು.

ಗಾಯವಾದರೆ ಕಾಫಿ ಪುಡಿ ಒತ್ತುವುದು ನಮ್ಮ ಮನೆಯ ಪದ್ಧತಿ. ನೀವೂ ಒತ್ತಿರುತ್ತೀರಿ, ಸುಳ್ಳು ಹೇಳಬೇಡಿ. ಕೆಲವು ವರ್ಷಗಳ ಹಿಂದೆ ಹೊಸಲು ಎಡವಿ ಹೆಬ್ಬೆರಳಿನ ಚರ್ಮ ಕಿತ್ತುಹೋಯಿತು. ನನಗೆ ಸಕ್ಕರೆ ಕಾಯಿಲೆ ಬೇರೆ. ದಿನಾ ಹಳೇ ಪುಡಿ ಕೆರೆದು, ಬಿಸಿನೀರಲ್ಲಿ ಉಜ್ಜಿ, ಹೊಸ ಪುಡಿ ತುಂಬುತ್ತಿದ್ದೆ. ಹಿತ್ತಾಳೆ ಚೊಂಬು ಬೆಳಗುವಷ್ಟೇ ಶ್ರದ್ಧೆ. ತಿಂಗಳಾದರೂ ಗಾಯ ಮುಚ್ಚಲಿಲ್ಲ. ಹೀಗೇ ಇದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮನದು ನನಗಿಂತ ಜೋರು ಬಾಯಿ.

"ಗಾಯದ ಅಂಚಲ್ಲಿರೋ ಜೀವಕೋಶಗಳು ಮಧ್ಯಕ್ಕೆ ತೆವಳ್ಕೊಂಡ್ ಬರ್ತವೆ ಅಜ್ಜಿ. ನೀವು ದಿನಾ ಎದ್ದು ಅವನ್ನ ಕೆರೆದು ಮೋರಿಗೆ ಸುರಿದ್ಬುಡ್ತೀರ!"

"ತೆವಳಕ್ಕೆ ಅವಕ್ಕೇನು ಕಾಲೈತಾ?"

"ಕಾಲಿಲ್ಲ ಕಣಜ್ಜಿ. ಮೈಯನ್ನೇ ಮುಂದಕ್ಕೆ ಚಾಚಿ ಅಂಟ್ಕೋತವೆ, ಆಮೇಲೆ ಹಿಂದಿನ ಭಾಗ ಎಳ್ಕೋತವೆ. ಅದಕ್ಕೆ ತೇವ ಬೇಕು. ಚೊಕ್ಕಟ ಮಾಡೋದು ನನಗೆ ಬುಡಿ, ನೀವು ಮುಟ್ಬೇಡಿ ಅಷ್ಟೇ."

ಇನ್ನೊಂದು ದಿನ ಪಟ್ಟಿ ಬಿಚ್ಚುತ್ತಾ ಹೇಳಿದಳು: ಮೇಲು ಚರ್ಮದ ಕೋಶಗಳು ಚಪ್ಪಟೆ, ಒಂದಕ್ಕೊಂದು ಒತ್ತಾಗಿ ಕೂತು ಕೊಳೆ ಒಳಗೆ ಬಿಡುವುದಿಲ್ಲ; ಸ್ನಾಯುವಿನವು ಉದ್ದ, ಅದಕ್ಕೇ ಎಳೆಯಬಲ್ಲವು. ಆಕಾರಕ್ಕೆ ತಕ್ಕ ಕೆಲಸ, ಮನೆಯಲ್ಲಿ ಉದ್ದನೆಯವನಿಗೆ ಅಟ್ಟದ ಪಾತ್ರೆ ಇಳಿಸಲು ಹೇಳುವ ಹಾಗೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೂ ಅರ್ಥವಾಯಿತು.

ಕಷ್ಟವಾದದ್ದು ಸುಮ್ಮನಿರುವುದು. ಕೈ ತುರಿಸುತ್ತಿತ್ತು. ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತೆ. ವಾರಗಳು ಕಳೆದ ಮೇಲೆ ಗಾಯದ ಅಂಚಿನಿಂದ, ಹಾಲಿಗೆ ಕೆನೆ ಕಟ್ಟಿದ ಹಾಗೆ, ತೆಳ್ಳಗೆ ಗುಲಾಬಿ ಚರ್ಮ ಬಂತು. ಬೆರಳು ಉಳಿಯಿತು. ನರ್ಸಮ್ಮನಿಗೆ ಒಂದು ಡಬ್ಬಿ ಕೋಡುಬಳೆ ಕೊಟ್ಟು ಬಂದೆ. ದಿನಾ ಕೆರೆದು ಎಸೆದರೂ ಮುನಿಸಿಕೊಳ್ಳದೆ ಮತ್ತೆ ಹೊರಟು ಬರುತ್ತಿದ್ದ, ಕಣ್ಣಿಗೆ ಕಾಣದ ಆ ಕೆಲಸದವರಿಗೆ ಏನು ಕೊಡಲಿ?

"ಅತ್ತೆ, ಪುಡಿ!"

"ಪುಡಿ ಇಲ್ಲ, ಏನೂ ಇಲ್ಲ. ನಲ್ಲಿ ಕೆಳಗೆ ಹಿಡಿಯೇ ಕೈನ."

ತೊಳೆದು, ಒಗೆದ ಬಟ್ಟೆ ಒತ್ತಿ ಹಿಡಿದು, ರಕ್ತ ನಿಂತ ಮೇಲೆ ಪಟ್ಟಿ ಹಾಕಿದೆ. "ಗಳಿಗೆಗೊಂದ್ಸಲ ಬಿಚ್ಚಿ ನೋಡ್ಬೇಡ. ಒಳಗೆ ಕೆಲಸ ನಡೀತಿರ್ತದೆ."

ಆಮೇಲೆ ಪುಡಿಯನ್ನು ಫಿಲ್ಟರಿಗೆ ಹಾಕಿ ಬಿಸಿನೀರು ಹೊಯ್ದೆ. ಡಿಕಾಕ್ಷನ್ ಇಳಿಯುವವರೆಗೆ ನಾನೂ ಕೈ ಕಟ್ಟಿ ಕೂತೆ.