ಶಾರವ್ವನಿಗೆ ಆರಿಸಿಕೊಟ್ಟ ಹಾರ್ಡ್ ಡಿಸ್ಕ್

ಶಾರವ್ವ, ನಿನ್ನ ಸೀರೆಯ ನಕ್ಷೆಗಳೆಲ್ಲ ಹಾಳಾದದ್ದು ನಿನ್ನ ಕೈತಪ್ಪಿನಿಂದಲ್ಲ. ಆ ಹಾರ್ಡ್ ಡಿಸ್ಕ್ ಕೆಟ್ಟದ್ದೆಂದು ಗೊತ್ತಿದ್ದೇ ನಾನು ನಿನಗೆ ಆರಿಸಿಕೊಟ್ಟೆ. ಮರೆತು ಅಲ್ಲ, ಅವಸರದಲ್ಲೂ ಅಲ್ಲ — ಗೊತ್ತಿದ್ದು.

ಬನಹಟ್ಟಿಯಲ್ಲಿ ನಕ್ಷೆ ಬರೆಯುವವರಿಗೆ ಕಳ್ಳರ ಭಯ. ಇಂದು ಬರೆದ ಸೀರೆಯಂಚಿನ ದಡಿ ವಾರ ಕಳೆಯುವುದರೊಳಗೆ ಪಕ್ಕದ ಓಣಿಯ ಮಗ್ಗದ ಮೇಲಿರುತ್ತದೆ. ನಿನ್ನ ಅಪ್ಪ, ನಮ್ಮಿಬ್ಬರಿಗೂ ಈ ಕೆಲಸ ಕಲಿಸಿದವರು, ಗ್ರಾಫ್ ಹಾಳೆಗಳನ್ನು ಟ್ರಂಕಿನಲ್ಲಿಟ್ಟು ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಅವರು ಹೋದ ಮೇಲೆ ನೀನು ಗೆದ್ದಲು ತಿಂದ ಆ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ತಿದ್ದಿ, ಜೊತೆಗೆ ನಿನ್ನವೂ ಸೇರಿ ಮುನ್ನೂರು ನಕ್ಷೆ ಮಾಡಿದೆ. ಹಾಳೆಗಳು ಒಲೆಗೆ ಹೋದವು. ಆದರೆ ಕಂಪ್ಯೂಟರ್ ಇದ್ದದ್ದು ಪಡಸಾಲೆಯಲ್ಲಿ, ನಿನ್ನ ಮೈದುನನ ಮಗ್ಗದವರು ದಿನವಿಡೀ ಓಡಾಡುವಲ್ಲಿ. ಬಿಚ್ಚಿ ಬೀರುವಿನಲ್ಲಿಟ್ಟು ಕೀಲಿ ಹಾಕಬಹುದಾದಂಥದ್ದು ಬೇಕೆಂದು ನನ್ನ ಬಳಿ ಬಂದೆ.

"ನನಗೇನ್ ತಿಳಿತೈತಿ ಅಣ್ಣಾರ, ನೀವ ಆರಿಸಿ ಕೊಡ್ರಿ," ಅಂದೆ.

ಆ ವರ್ಷವೇ, ಬಹುಕಾಲ ನನ್ನ ಬಾಗಿಲಿಗೆ ಬರುತ್ತಿದ್ದ ಸೀರೆ ಸಾಹುಕಾರರು ನಿನ್ನ ಮನೆಯ ಮೆಟ್ಟಿಲು ಹತ್ತಿದ್ದರು. ನನ್ನ ದಡಿ ಹಳೇದಾಯಿತಂತೆ. ಮೊನ್ನೆ ಮೊನ್ನೆ ಮೌಸ್ ಹಿಡಿದ ಹೆಂಗಸು — ಹೀಗೇ ಅಂದುಕೊಂಡೆ, ಮುಚ್ಚಿಡುವುದೇನು. ಹೊಟ್ಟೆಕಿಚ್ಚು ಎಂಬುದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಇಬ್ಬರೂ ಜಮಖಂಡಿಗೆ ಹೋದೆವು. ಅಂಗಡಿಯವನು ಮೂರು ಡಿಸ್ಕ್ ಮುಂದಿಟ್ಟ. ಅದರಲ್ಲೊಂದು ಹದಿನೈದು ದಿನದ ಹಿಂದೆ ನಾನೇ ಹಿಂದಿರುಗಿಸಿದ್ದು. ಹಾಕಿದ್ದನ್ನು ಕೆಲವು ದಿನ ತೋರಿಸಿ ಆಮೇಲೆ ನುಂಗುತ್ತಿತ್ತು. ಅವನು ಅದನ್ನೇ ಮತ್ತೆ ಡಬ್ಬಿಗೆ ಹಾಕಿಟ್ಟಿದ್ದ. ಮೂಲೆಯಲ್ಲಿದ್ದ ಗೀರಿನಿಂದ ಗುರುತು ಹಿಡಿದೆ. ನಿನ್ನ ಕೈಯಲ್ಲಿದ್ದದ್ದು ಬೇರೆ, ಒಳ್ಳೆಯದೇ ಇತ್ತು. ಅದನ್ನು ಇಸಿದುಕೊಂಡು ಕೆಳಗಿಟ್ಟೆ.

"ಇದನ್ನ ತಗೋ ಶಾರವ್ವ. ನಾನೂ ಇದನ್ನ ಬಳಸೇನಿ."

ಸುಳ್ಳಲ್ಲ ನೋಡು ಅದು. ಸುಳ್ಳು ಹೇಳುವಷ್ಟೂ ಕಷ್ಟಪಡಲಿಲ್ಲ.

ಅಷ್ಟಕ್ಕೇ ಬಿಟ್ಟೆನೇ? ನಿನ್ನ ಮನೆಗೆ ಬಂದು ನಕ್ಷೆಗಳನ್ನೆಲ್ಲ ಅದಕ್ಕೆ ಹಾಕಿದೆ. ಕಂಪ್ಯೂಟರಿನಲ್ಲಿ ಒಂದು ಉಳಿದರೂ ಕಳ್ಳರ ಪಾಲೆಂದು ನಿನ್ನನ್ನು ಹೆದರಿಸಿ, ಅಲ್ಲಿದ್ದವನ್ನು ನನ್ನ ಕೈಯಾರೆ ಅಳಿಸಿದೆ. ನೀನು ಚಹಾ ಮಾಡಿಕೊಟ್ಟೆ. ಕುಡಿದೆ.

ಲಗ್ನಸರಾಯಿ, ಮದುವೆ ಸೀರೆಗಳ ಕಾಲ, ಹತ್ತಿರ ಬಂದಾಗ ಡಿಸ್ಕ್ ತೆರೆಯಲಿಲ್ಲ. ನೀನು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಮನೆಗೆ ಓಡಿ ಬಂದೆ. ನೀನು ಹೊರಗೆ ನನ್ನ ಹೆಂಡತಿಯ ಪಕ್ಕ ಕೂತಿದ್ದಾಗ ಒಳಗೆ ಅದು ಮೂರನೇ ಸಲಕ್ಕೆ ತೆರೆಯಿತು. ನಲವತ್ತು ನಕ್ಷೆ ಸಿಕ್ಕವು, ಎಲ್ಲವೂ ನಿನ್ನ ಅಪ್ಪನವು. ನನ್ನ ಕಂಪ್ಯೂಟರಿಗೆ ಹಾಕಿಕೊಂಡೆ. ಹೊರಗೆ ಬಂದು, "ಏನೂ ಉಳಿದಿಲ್ಲವ್ವ. ಎಲ್ಲೆರೆ ಬಿದ್ದಿತ್ತೇನು?" ಅಂದೆ.

ಬೀರುವಿನಿಂದ ತೆಗೆಯುವಾಗ ಒಮ್ಮೆ ಜಾರಿತ್ತೆಂದು ನೀನು ಅತ್ತೆ. ಅದೇ ಇರಬೇಕೆಂದು ನಾನು ತಲೆಯಾಡಿಸಿದೆ. ಅಂದಿನಿಂದ ನಿನ್ನ ಕೈಯನ್ನು ನೀನೇ ಬೈದುಕೊಳ್ಳುತ್ತ ಬಂದಿದ್ದೀ.

ಸಾಹುಕಾರರು ನನ್ನ ಬಾಗಿಲಿಗೆ ತಿರುಗಿ ಬಂದರು. ಆ ನಲವತ್ತನ್ನು ಒಂದೊಂದಾಗಿ ನನ್ನ ಹೆಸರಿನಲ್ಲಿ ನೇಯಿಸಿದೆ. ನೀನು ಮೈದುನನ ಮಗ್ಗಕ್ಕೆ ನೂಲಿನ ಕಂಡಕಿ ಸುತ್ತಲು ಕೂತೆ. ಮತ್ತೆ ಕಂಪ್ಯೂಟರ್ ಮುಟ್ಟಲಿಲ್ಲ.

ಆಮೇಲೆ ಮುಧೋಳದ ಮದುವೆ. ಮದುಮಗಳು ಉಟ್ಟದ್ದು ಆ ನಲವತ್ತರಲ್ಲೊಂದು. ನೀನು ಅವಳ ಸೆರಗನ್ನು ಬೆರಳಲ್ಲಿ ಹಿಡಿದು, ತಿರುವಿ ನೋಡಿ, ನೆಟ್ಟಗೆ ನನ್ನ ಬಳಿ ಬಂದೆ. ಸಿಕ್ಕಿಬಿದ್ದೆ ಎಂದುಕೊಂಡೆ. ಸಿಕ್ಕಿಬಿದ್ದಿದ್ದರೆ —

"ಅಪ್ಪಾರ ಕೈ ನಿಮಗ ಬಂದೈತಿ ಅಣ್ಣಾರ. ನನಗ ಉಳಿಸ್ಕೊಳ್ಳಾಕ ಆಗಲಿಲ್ಲ. ನಿಮ್ಮ ಕಡಿ ಉಳಿದೈತೆಲ್ಲ, ಸಾಕು."

ನಾನು "ಹೂಂ" ಅಂದೆ. ನೀನು ನನ್ನ ಕಾಲಿಗೆ ನಮಸ್ಕಾರ ಮಾಡಿದೆ. ನಾನು ಕಾಲು ಹಿಂದಕ್ಕೆ ತೆಗೆಯಲಿಲ್ಲ.

ನಲವತ್ತೂ ನಿನಗೆ ತಂದುಕೊಡುತ್ತೇನೆ. ಅದಕ್ಕೂ ಮೊದಲು ಈ ಕಾಗದವನ್ನು ಸಾಹುಕಾರರ ಮುಂದೆ, ನಿನ್ನ ಮೈದುನನ ಮುಂದೆ ಓದುತ್ತೇನೆ. ಉಳಿದವು ಹೋದವು, ಶಾರವ್ವ. ನಿನ್ನವು ಒಂದೂ ಉಳಿಯಲಿಲ್ಲ.