ಸುಣ್ಣದ ಗೆರೆ, ನನ್ನ ಪೊರಕೆ

ಇವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಸುಣ್ಣದ ವಾಸನೆ. ರಸ್ತೆ ಮೇಲೆ ಮತ್ತೆ ಬಿಳಿ ಗೆರೆ! ಹಿಡಿದ ಪೊರಕೆ ಹಿಡಿದ ಹಾಗೇ ನಿಂತುಬಿಟ್ಟೆ. ಯಾಕೆ ಅಂತ ಹೇಳ್ತೀನಿ, ಕೂತ್ಕೊಳ್ಳಿ.

ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಮೊಮ್ಮಗಳು ಮೇಘನಾ ಇದ್ದಾಳಲ್ಲ, ಈ ಫರೀದಾಬಾದಿನಲ್ಲೇ ಹುಟ್ಟಿ ಬೆಳೆದು ಇಲ್ಲೇ ಸ್ವಂತ ಇಡ್ಲಿ ಅಂಗಡಿ ಇಟ್ಟಿದ್ದಾಳೆ. ಬೋರ್ಡಿನಲ್ಲಿ ಕನ್ನಡದಲ್ಲೂ ಹೆಸರು ಬರೆಸಿದ್ದಾಳೆ. ಅದನ್ನು ಓದೋಕೆ ಬೀದಿಗೆಲ್ಲ ನಾನೊಬ್ಬಳೇ. ಅದಕ್ಕೇ ದಿನಾ ಎರಡು ಸಲ ಓದ್ತೀನಿ.

ಹೋದ ವರ್ಷ, ಅಂಗಡಿ ಇಟ್ಟು ಇನ್ನೂ ಒಂದೇ ತಿಂಗಳಾಗಿತ್ತು, ಪೈಪ್ ಹಾಕಲು ರಸ್ತೆ ಅಗೆಯುತ್ತಾರೆ ಅಂತ ಸುದ್ದಿ ಬಂತು. ಪಕ್ಕದ ಬೀದಿಯಲ್ಲಿ ಅಗೆದಾಗ ಗಿರಾಕಿಗಳು ಹಳ್ಳ ದಾಟಲಾಗದೆ ಮೂರು ಅಂಗಡಿ ಮುಚ್ಚಿದ್ದವು. ಮೇಘನಾ ಊಟ ಬಿಟ್ಟಳು. ಇಡ್ಲಿ ಮಾರುವವಳೇ ಹಸಿದು ಕೂತರೆ ಹೇಗೆ ಹೇಳಿ.

ಮರುದಿನ ಬಾಗಿಲಿಗೆ ನೀರು ಹಾಕಲು ಹೋದೆ. ಯಾರೋ ಬಿಳಿ ಪುಡಿಯಲ್ಲಿ ಉದ್ದಕ್ಕೆ ಎರಡು ಗೆರೆ ಎಳೆದಿದ್ದಾರೆ. ಚುಕ್ಕಿ ಇಲ್ಲ, ಸುತ್ತು ಇಲ್ಲ. ಪಾಪ, ಮೊಮ್ಮಗಳೇ ರಂಗೋಲಿ ಹಾಕಲು ಹೋಗಿ ಕೈಬಿಟ್ಟಿರಬೇಕು ಅಂದುಕೊಂಡು, ಎರಡು ಬಕೆಟ್ ನೀರು ಸುರಿದು ತೊಳೆದು, ಹದಿನೈದು ಚುಕ್ಕಿಯ ತಾವರೆ ಇಟ್ಟೆ.

ಅಗೆಯುವ ಯಂತ್ರ ಬಂತು. ಅದರ ಡ್ರೈವರ್ ಗೆರೆ ಬಿಟ್ಟು ಅಲುಗದ ಮನುಷ್ಯ. ಗೆರೆ ನಿಂತಲ್ಲಿ ನಿಂತ, ತಾವರೆ ದಾಟಿದ, ಗೆರೆ ಸಿಕ್ಕಲ್ಲಿ ಮತ್ತೆ ಶುರುಮಾಡಿದ. ಬೀದಿಗೆಲ್ಲ ಹಳ್ಳ, ನಮ್ಮ ಮುಂದೆ ಮಾತ್ರ ನೆಲ! ಯಾರೇ ದಾಟಲಿ, ನಮ್ಮ ಇಡ್ಲಿಯ ಹಬೆ ಹಾಯ್ದೇ ಬರಬೇಕು. ಪಕ್ಕದ ಟೈಲರ್ ಮಾಸ್ಟರ್‌ಜಿ ಹೊಲಿಗೆ ಮೆಷಿನ್ನನ್ನೇ ತಾವರೆ ಪಕ್ಕ ತಂದಿಟ್ಟರು. ಜನ ಮೊದಲು ಇಡ್ಲಿ ತಿಂದು, ಆಮೇಲೆ ಸೊಂಟದ ಅಳತೆ ಕೊಡುತ್ತಿದ್ದರು.

ನಾಲ್ಕನೇ ದಿನ ಇಂಜಿನಿಯರ್ ಬಂದು ಗೆರೆ ಎಲ್ಲಿ ಅಂದರು. ಅಳಿಸಿ ಸರಿಮಾಡಿದ್ದು ನಾನೇ ಅಂತ ಹೆಮ್ಮೆಯಿಂದ ಹೇಳಿದೆ. ಮೇಘನಾ ಹಣೆ ಚಚ್ಚಿಕೊಂಡಳು. ಅದು ಅಗೆಯೋಕೆ ಹಾಕಿದ ಗುರುತು ಅಂತ ಇಂಜಿನಿಯರ್ ಕೂಗಾಡಿದರು, ಆಮೇಲೆ ಎರಡು ಪ್ಲೇಟ್ ತಿಂದರು. ಕೊನೆಗೆ, ಉಳಿದ ಹಳ್ಳ ಮುಚ್ಚಿದ ಮೇಲೆ ಅಂಗಡಿಗೆ ರಜೆ ಇದ್ದ ಒಂದು ಸೋಮವಾರ ನಮ್ಮ ಮುಂದೆ ಅಗೆದು ಮುಗಿಸಿದರು. ಅಂಗಡಿ ಉಳಿಯಿತು.

ಈಗ ಮತ್ತೆ ಗೆರೆ. ಈ ಸಲ ಮೇಘನಾಳೇ ಬಕೆಟ್ ತಂದು ಕಿವಿಯಲ್ಲಿ ಹೇಳಿದಳು: “ಅಜ್ಜಿ, ಜಲ್ದೀ. ಯಾರೂ ನೋಡ್ತಾ ಇಲ್ಲ.”

“ಗೊತ್ತಿಲ್ಲದೆ ಅಳಿಸಿದ್ದು ಬೇರೆ ಕಣೇ,” ಅಂದೆ. ಇಡ್ಲಿ ತಟ್ಟೆ ಹಿಡಿದು, ಬೀದಿ ತುದಿಯಲ್ಲಿದ್ದ ಅದೇ ಇಂಜಿನಿಯರ್ ಹತ್ತಿರ ಹೊರಟೆ, ನಮ್ಮ ಅಂಗಡಿ ಮುಂದೆ ಅಗೆಯದೆ ದಾರಿ ಬಿಡಿ ಅಂತ ಕೇಳಿಯೇ ಬಿಡೋಣ ಅಂತ. ಅವರು ದೂರದಿಂದಲೇ ಕೈಮುಗಿದರು.

“ಮಾತಾಜಿ, ನಿಮ್ಮ ಮುಂದೆ ದಾರಿ ಬಿಡ್ತೀವಿ. ಅದನ್ನ ಮಾತ್ರ ಕೆಳಗಿಡಿ.”

ನೋಡಿಕೊಂಡೆ. ಒಂದು ಕೈಯಲ್ಲಿ ಇಡ್ಲಿ, ಇನ್ನೊಂದರಲ್ಲಿ ಪೊರಕೆ.